ಸಹಿ ಬಿದ್ದ ಹೊತ್ತು

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಪ್ರತಿ ವರ್ಷ ಹತ್ತನೆಯ ಇಯತ್ತೆಯ ಹುಡುಗಿಯರನ್ನು ಕರೆದುಕೊಂಡು ಹೋಗುವುದು ನನ್ನ ರೂಢಿ. ಶಾಲೆಯಿಂದ ಸಾಲು ಹಿಡಿದು ನಡೆಯುತ್ತ ಹೊರಟರೆ ದಾರಿಯುದ್ದಕ್ಕೂ ಹುಡುಗಿಯರು ಹರಟುತ್ತಾರೆ. ಸಮಾಧಿಯ ಮುಂದೆ ನಿಂತಾಗ ಮಾತ್ರ ತಾವಾಗಿಯೇ ಸುಮ್ಮನಾಗುತ್ತಾರೆ. ನಾನು ಎಂದಿನ ಪಾಠ ಒಪ್ಪಿಸುತ್ತೇನೆ. ಕಾಕತಿಯಲ್ಲಿ ಹುಟ್ಟಿದವಳು, ಕಿತ್ತೂರು ಸೇರಿದವಳು, ಇಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚಿದವಳು. ಹುಡುಗಿಯರಿಗೆ ಕತ್ತಿ, ಕುದುರೆ, ಥ್ಯಾಕರೆಗೆ ಬಿದ್ದ ಗುಂಡು ಇವೆಲ್ಲ ಹಿಡಿಸುತ್ತವೆ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಅಕ್ಕೋರೆ, ಈ ಜಗಳ ಸುರು ಆಗಿದ್ದು ಯಾತಕ್ಕ?”

“ಒಂದು ಕಾಗದಕ್ಕ” ಅಂದೆ. ಅಂದ ಮೇಲೆ ನನ್ನ ಗಂಟಲು ಕಟ್ಟಿತು. ಹುಡುಗಿಯರಿಗೆ ಅದರ ಕಾರಣ ತಿಳಿಯಲಿಲ್ಲ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಕಿತ್ತೂರಿನ ಕಾಗದದ ಕಥೆ. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. ಎರಡು ವರ್ಷಕ್ಕೆ ಪೇಶ್ವೆಯ ಆಳ್ವಿಕೆ ಮುಗಿದು ಕುಂಪಣಿ ಸರಕಾರ ಬಂದಿತು. ದೇಸಾಯಿ ಇಂಗ್ಲಿಷರಿಗೆ ನೆರವಾಗಿ ತನ್ನ ಸಂಸ್ಥಾನ ಉಳಿಸಿಕೊಂಡ. ಆದರೆ ಅವನಿಗೆ ಮಕ್ಕಳಿರಲಿಲ್ಲ, ಮೈಯಲ್ಲಿ ಆರೋಗ್ಯವೂ ಇರಲಿಲ್ಲ. 1824ರ ಸೆಪ್ಟೆಂಬರದಲ್ಲಿ ಹಾಸಿಗೆ ಹಿಡಿದು ತೀರಿಕೊಂಡ. ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದೇನೆ ಎಂದು ದೇಸಾಯಿಯ ಹೆಸರಿನ ಒಂದು ಪತ್ರ ಧಾರವಾಡದ ಕಲೆಕ್ಟರ ಹಾಗೂ ಪೊಲಿಟಿಕಲ್ ಏಜೆಂಟ ಥ್ಯಾಕರೆಯ ಕೈಸೇರಿತು. ಪತ್ರ ಮುಟ್ಟುವುದಕ್ಕೂ ಸಾವಿನ ಸುದ್ದಿ ಮುಟ್ಟುವುದಕ್ಕೂ ಹೆಚ್ಚು ಅಂತರವಿರಲಿಲ್ಲ.

ಥ್ಯಾಕರೆ ಪತ್ರವನ್ನು ನಂಬಲಿಲ್ಲ. ಸಹಿ ದೇಸಾಯಿಯದೇ? ಆತ ಬದುಕಿದ್ದಾಗ ಹಾಕಿದ್ದೇ? ಹಾಕುವಾಗ ಮೈಮೇಲೆ ಎಚ್ಚರವಿತ್ತೇ? ಪಕ್ಕದಲ್ಲಿ ಕುಳಿತು ಬರೆಸಿದವರಾರು? ಇವು ಅವನ ಪ್ರಶ್ನೆಗಳು. ಮೇಲಿನವರ ಅಪ್ಪಣೆ ಬರುವವರೆಗೆ ದತ್ತಕ ಒಪ್ಪುವುದಿಲ್ಲವೆಂದ. ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ಕಾವಲು ಇಟ್ಟ. ಮುಂದಿನದನ್ನು ನಮ್ಮ ಸೀಮೆಯ ಮಕ್ಕಳೆಲ್ಲ ಬಲ್ಲರು. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ. ಡಿಸೆಂಬರ ಮೊದಲ ವಾರದಲ್ಲಿ ದೊಡ್ಡ ದಂಡು ಬಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಬಂದಳು. ಅದೇ ದತ್ತಕ ಹುಡುಗನನ್ನು ಗಾದಿಗೆ ಕೂಡಿಸುತ್ತೇನೆಂದು ಎದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದನ್ನು ನಾನು ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಕಲಿಸಿದ್ದೇನೆ. “ಥ್ಯಾಕರೆಯು ದತ್ತಕ ಪತ್ರವನ್ನು ಸಂಶಯಿಸಲು ಕಾರಣಗಳೇನು?” ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿ ನಾಲ್ಕು ಅಂಕ ಕೊಟ್ಟಿದ್ದೇನೆ. ಆದರೂ ನನ್ನ ಮನೆಯ ಪಡಸಾಲೆಯಲ್ಲಿ ಅದೇ ಪ್ರಶ್ನೆ ಬಂದು ನಿಂತಾಗ ನನಗೆ ಗುರುತು ಸಿಗಲಿಲ್ಲ.

ನನ್ನ ಸೋದರತ್ತೆ ಸವದತ್ತಿ ದಾರಿಯ ಒಂದು ಹಳ್ಳಿಯಲ್ಲಿದ್ದಳು. ಚಿಕ್ಕ ವಯಸ್ಸಿಗೆ ಗಂಡ ಹೋದ. ಮಕ್ಕಳಿರಲಿಲ್ಲ. ಗಂಡನಿಂದ ಬಂದ ಎರಡು ಅಂಕಣದ ಮನೆ, ತಾನು ಹೊಲಿಗೆ ಯಂತ್ರ ತುಳಿದು ಕೂಡಿಸಿದ ಹಣದಲ್ಲಿ ಕೊಂಡ ಒಂದು ಜಾಗ, ಇಷ್ಟೇ ಅವಳ ಆಸ್ತಿ. ದೂರದ ಸಂಬಂಧದಲ್ಲಿ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ ಐದು ವರ್ಷದ ಹುಡುಗಿಯನ್ನು ತಂದು ಸಾಕಿದಳು. ಕಾಗದದ ಮೇಲೆ ದತ್ತಕ ಅಂತ ಏನೂ ಮಾಡಲಿಲ್ಲ. “ಎದಿಗೆ ಹಚ್ಚಿಕೊಂಡ ಮ್ಯಾಲೆ ಕಾಗದ ಯಾತಕ್ಕ?” ಅನ್ನುತ್ತಿದ್ದಳು. ಹುಡುಗಿ ಓದಿದಳು, ಹೊಲಿಗೆ ಕಲಿತಳು, ಅತ್ತೆಯ ಮೊಣಕಾಲು ನೋವಿಗೆ ರಾತ್ರಿಯೆಲ್ಲ ಎಣ್ಣೆ ತಿಕ್ಕಿದಳು. ಗಂಡನ ಕಡೆಯ ಭಾವ ಮೈದುನರ ಮಕ್ಕಳು ವರ್ಷಕ್ಕೊಮ್ಮೆ ಯಲ್ಲಮ್ಮನ ಜಾತ್ರೆಗೆ ಹೋಗುವಾಗ ಬಂದು ಊಟ ಮಾಡಿ ಹೋಗುತ್ತಿದ್ದರು.

2009ರ ದೀಪಾವಳಿಯ ಮುಂದೆ ಅತ್ತೆ ನಮ್ಮ ಮನೆಗೆ ಬಂದಳು. “ನಾ ಸತ್ತ ಮ್ಯಾಲೆ ಹುಡುಗಿ ಬೀದಿಗೆ ಬೀಳಬಾರದವ್ವಾ. ಒಂದು ಮೃತ್ಯುಪತ್ರ ಬರದು ಕೊಡು” ಅಂದಳು.

“ವಕೀಲರ ಕಡೆ ಹೋಗೂಣು ಅತ್ತಿ” ಅಂದೆ. ಈ ಮಾತು ಅಂದಿದ್ದೆ ಎಂಬುದಷ್ಟೇ ಈಗ ನನಗಿರುವ ಸಮಾಧಾನ.

“ವಕೀಲರಿಗೆ ಯಾಕ ರೊಕ್ಕಾ ಸುರೂದು? ಮನ್ಯಾಗ ಬಿ.ಎ., ಬಿ.ಎಡ್. ಕಲತಾಕಿ ನೀ ಇದ್ದಿ. ನಿನ್ನ ಅಕ್ಷರ ಮುತ್ತಿನ್ಹಂಗ ಅದಾವು.”

ಹೊಗಳಿಕೆಗೆ ಯಾರು ಕರಗುವುದಿಲ್ಲ? ನಾನೂ ಕರಗಿದೆ. ಗೆರೆ ಹೊಡೆದ ಫುಲ್‌ಸ್ಕೇಪ್ ಹಾಳೆ ತಂದೆ. ಅತ್ತೆ ಹೇಳಿದಳು, ನಾನು ಬರೆದೆ. “ನಮ್ಮ ಮನೆ ಮತ್ತು ನನ್ನ ಜಾಗವನ್ನು ನಾನು ಸಾಕಿದ ಮಗಳಿಗೆ ಕೊಟ್ಟಿದ್ದೇನೆ” ಎಂದು ಬರೆದು ಹುಡುಗಿಗೆ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಬರೆದೆ. ಅತ್ತೆ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಸಹಿ ಮಾಡಿದಳು. ಸಾಕ್ಷಿಯೆಂದು ನಾನು ಸಹಿ ಮಾಡಿದೆ. ಇನ್ನೊಂದು ಸಾಕ್ಷಿ ಬೇಕೆಂಬುದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮರುದಿನ ಹಾಳೆಯನ್ನು ಶಾಲೆಗೆ ಒಯ್ದು ನನ್ನ ಸಹೋದ್ಯೋಗಿ ಗುರುಗಳೊಬ್ಬರಿಂದ ಸಹಿ ಹಾಕಿಸಿದೆ. ಅವರು ಓದಿಯೂ ನೋಡಲಿಲ್ಲ. “ನೀವು ಬರದಿದ್ದು ಅಂದ ಮ್ಯಾಲೆ ಮುಗೀತು” ಎಂದು ಚಹಾದ ಕಪ್ಪು ಬದಿಗಿಟ್ಟು ಸಹಿ ಹಾಕಿಕೊಟ್ಟರು. ವರ್ಷದ ನಂತರ ಅತ್ತೆ ಹಿತ್ತಲನ್ನೂ ಸೇರಿಸು ಎಂದಾಗ ಎರಡು ಸಾಲಿನ ನಡುವೆ ಸಣ್ಣ ಅಕ್ಷರದಲ್ಲಿ “ಹಿತ್ತಲ ಸಹಿತ” ಎಂದು ಸೇರಿಸಿದೆ. ಅತ್ತೆ ಹಾಳೆಯನ್ನು ಮಡಿಚಿ ಗೋದಿಯ ಡಬ್ಬಿಯಲ್ಲಿ ಇಟ್ಟಳು.

ಅತ್ತೆ 2014ರಲ್ಲಿ ತೀರಿಕೊಂಡಳು. ಹದಿಮೂರನೆಯ ದಿನ ಕಳೆಯುವ ಮೊದಲೇ ಗಂಡನ ಕಡೆಯವರು ಉತಾರ ತೆಗೆಸಿದ್ದರು. ಹುಡುಗಿ ಗೋದಿಯ ಡಬ್ಬಿಯಿಂದ ಹಾಳೆ ತೆಗೆದು ತೋರಿಸಿದಳು. ಅವರು ನಕ್ಕು ಕೋರ್ಟಿಗೆ ಹೋದರು.

ಆಗ ನಾನು ಓಡಿದ್ದು ವಕೀಲರ ಕಡೆಗೇ. ಹಾಳೆ ನೋಡಿ ಅವರು ಕನ್ನಡಕ ತೆಗೆದಿಟ್ಟರು. “ಅಕ್ಕೋರೆ, ಅಕ್ಷರ ಚಂದ ಐತಿ. ಆದರ ಕೋರ್ಟು ಅಕ್ಷರ ನೋಡೂದಿಲ್ಲ, ಸಹಿ ಬಿದ್ದ ಹೊತ್ತು ನೋಡತೈತಿ” ಅಂದರು. ಅಂದು ಅವರು ಕಲಿಸಿದ ಪಾಠವನ್ನೇ ನಾನು ಇಲ್ಲಿ ನನ್ನ ಮಾತಿನಲ್ಲಿ ಒಪ್ಪಿಸುತ್ತೇನೆ.

ಮೃತ್ಯುಪತ್ರಕ್ಕೆ ಸ್ಟಾಂಪು ಕಾಗದ ಬೇಕಿಲ್ಲ, ಇಂಥದೇ ಭಾಷೆ ಬೇಕಿಲ್ಲ, ವಕೀಲರೇ ಬರೆಯಬೇಕೆಂದೂ ಇಲ್ಲ. ಕೈಯಲ್ಲಿ ಬರೆದ ಹಾಳೆಯೂ ನಡೆಯುತ್ತದೆ. ಆದರೆ 1925ರ ಭಾರತೀಯ ಉತ್ತರಾಧಿಕಾರ ಕಾಯದೆಯ 63ನೆಯ ಕಲಮು ಒಂದನ್ನು ಬಿಡುವುದಿಲ್ಲ. ಕಡಿಮೆಯೆಂದರೆ ಇಬ್ಬರು ಸಾಕ್ಷಿದಾರರು ಬೇಕು. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಪ್ರತಿಯೊಬ್ಬ ಸಾಕ್ಷಿದಾರನೂ ಕಣ್ಣಾರೆ ಕಂಡಿರಬೇಕು, ಇಲ್ಲವೆ “ಇದು ನನ್ನ ಸಹಿ” ಎಂದು ಅವರ ಬಾಯಿಂದಲೇ ಕೇಳಿರಬೇಕು. ಸಾಕ್ಷಿದಾರ ತನ್ನ ಸಹಿಯನ್ನೂ ಅವರ ಎದುರಿಗೇ ಹಾಕಬೇಕು. ಇಬ್ಬರೂ ಏಕಕಾಲಕ್ಕೆ ಇರಲೇಬೇಕೆಂದಿಲ್ಲ. ಆದರೆ ಬರೆಸಿದವರು ಇಲ್ಲದ ಕಡೆ, ಶಾಲೆಯ ಕೋಣೆಯಲ್ಲಿ ಚಹಾ ಕುಡಿಯುತ್ತ ಹಾಕಿದ ಸಹಿ ಸಾಕ್ಷಿಯಾಗುವುದಿಲ್ಲ.

ಮೃತ್ಯುಪತ್ರ ನಿಲ್ಲದಿದ್ದರೆ ಆಸ್ತಿ ಯಾರಿಗೆ? ಇದನ್ನು ನಮ್ಮ ಹೆಣ್ಣುಮಕ್ಕಳು ಕಿವಿಗೊಟ್ಟು ಕೇಳಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ 15ನೆಯ ಕಲಮಿನಂತೆ ಮಕ್ಕಳಿಲ್ಲದ ವಿಧವೆ ಮೃತ್ಯುಪತ್ರ ಮಾಡದೆ ತೀರಿಕೊಂಡರೆ ಗಂಡನಿಂದ ಬಂದ ಆಸ್ತಿ ಗಂಡನ ವಾರಸುದಾರರಿಗೆ ಹೋಗುತ್ತದೆ. ತಾಯಿ ತಂದೆಯಿಂದ ಬಂದದ್ದು ತಂದೆಯ ವಾರಸುದಾರರಿಗೆ ಮರಳುತ್ತದೆ. ಅವಳೇ ಬೆವರು ಸುರಿಸಿ ಗಳಿಸಿದ್ದು? ಅದೂ ಮೊದಲು ಗಂಡನ ಕಡೆಗೇ, ಅಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಅವಳ ತಾಯಿ ತಂದೆಗೆ. ಹೊಲಿಗೆ ಯಂತ್ರ ತುಳಿದವಳು ಅತ್ತೆ, ಜಾಗ ಮಾತ್ರ ಜಾತ್ರೆಗೆ ಬಂದು ಊಟ ಮಾಡಿ ಹೋದವರಿಗೆ. ಸಾಕಿದ ಮಗಳ ಹೆಸರು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ದತ್ತಕದ ವಿಧಿಯಾಗಿದ್ದರೆ ಅವಳು ಮಗಳೇ ಆಗುತ್ತಿದ್ದಳು. ಆಗಿರಲಿಲ್ಲ.

ಕೋರ್ಟಿಗೆ ಹೋಗುವ ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಗುರುಗಳು ಬಂದು, “ಏನ್ರಿ ಅಕ್ಕೋರೆ, ನಾನೂ ನಿಮ್ಮ ಮನ್ಯಾಗ ಇದ್ದೆ ಅಂತ ಹೇಳಬೇಕೇನು?” ಎಂದು ಕೇಳಿದ್ದರು. ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಹುಡುಗಿಯ ಮೇಲಿನ ಕನಿಕರದಿಂದ. ನಾನು ಉತ್ತರ ಕೊಡದೆ ಕುಳಿತಿದ್ದೆ. ಒಳಗೆ ಚಪಾತಿ ಲಟ್ಟಿಸುತ್ತಿದ್ದ ಹುಡುಗಿ ಹೊರಗೆ ಬಂದಳು. “ಬ್ಯಾಡ್ರಿ ಸರ. ಅಕ್ಕಾ, ನೀನೂ ಬ್ಯಾಡ. ಅವ್ವ ಸುಳ್ಳು ಹೇಳಿ ಯಾರ್ದೂ ತಿಂದಾಕಿ ಅಲ್ಲ” ಅಂದಳು.

ಗುರುಗಳು ಇದ್ದದ್ದನ್ನು ಇದ್ದಹಾಗೆ ಹೇಳಿದರು. ನಾನೂ ಹೇಳಿದೆ. ಎದುರು ವಕೀಲರು ಕೇಳಿದ ಪ್ರಶ್ನೆಗಳನ್ನು ನಾನು ಬಾಯಿಪಾಠ ಬಲ್ಲೆ. ಸಹಿ ಯಾವಾಗ ಬಿತ್ತು? ಯಾರ ಎದುರಿಗೆ ಬಿತ್ತು? ಬರೆದವರು ಯಾರು? ಈ ನಡುವಿನ ಸಣ್ಣ ಅಕ್ಷರ ಯಾವಾಗಿನದು? ಕಟಕಟೆಯಲ್ಲಿ ನಿಂತ ನನಗೆ ಥ್ಯಾಕರೆಯೇ ಎದುರಿಗಿದ್ದಾನೆ ಅನ್ನಿಸಿತು. ಈ ಸಲ ಸಂಶಯ ಪಡುವವರ ಕಡೆಗೇ ನ್ಯಾಯವಿತ್ತು. ಮೃತ್ಯುಪತ್ರ ನಿಲ್ಲುವಂತಿಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಹಿರಿಯರು ಕೂಡಿ ರಾಜಿ ಮಾಡಿಸಿದರು. ಸ್ವಲ್ಪ ಹಣ ಮತ್ತು ಹೊಲಿಗೆ ಯಂತ್ರ ತೆಗೆದುಕೊಂಡು ಹುಡುಗಿ ಆ ಮನೆಯ ಹೊಸ್ತಿಲು ದಾಟಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಆ ಮೇಲೆ ಇತಿಹಾಸದ ಪಾಠ ಮಾಡುವಾಗ ನನ್ನ ಕಣ್ಣು ಬೇರೆಯಾಯಿತು. ಕಿತ್ತೂರಿನವರು ಮೊದಲೇ, ದೇಸಾಯಿ ಗಟ್ಟಿಯಿದ್ದಾಗಲೇ, ನಾಲ್ವರ ಎದುರು ಕಾಗದ ಮಾಡಿದ್ದರೆ ಉಳಿಯುತ್ತಿದ್ದರೆ? ಹಾಗೆಂದು ಧೈರ್ಯವಾಗಿ ಹೇಳಲಾರೆ. ಝಾಂಸಿಯ ಗಂಗಾಧರರಾವ್ 1853ರ ನವೆಂಬರದಲ್ಲಿ ಸಾಯುವ ಹಿಂದಿನ ದಿನ ಇಂಗ್ಲಿಷ್ ಅಧಿಕಾರಿಗಳ ಎದುರಿಗೇ ದತ್ತಕ ಮಾಡಿಕೊಂಡ. ಸಾಕ್ಷಿಗೆ ಇನ್ನೇನು ಬೇಕು? ಆದರೂ ಡಾಲ್‌ಹೌಸಿ ಒಪ್ಪದೆ ರಾಜ್ಯ ನುಂಗಿದ. ನಮ್ಮ ನೆರೆಯ ನರಗುಂದದ ಬಾಬಾಸಾಹೇಬನಿಗೆ ಇದ್ದ ಮಗ ತೀರಿಕೊಂಡ ಮೇಲೆ ದತ್ತಕಕ್ಕೆ ಅನುಮತಿಯನ್ನೇ ಕೊಡಲಿಲ್ಲ. ಆ ಉರಿಯೇ 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನ ಪ್ರಾಣ ತೆಗೆಯಿತು. ಸುರೇಬಾನ ಈಗ ರಾಮದುರ್ಗ ತಾಲೂಕಿನದು, ರಾಮದುರ್ಗದ ಸಂಸ್ಥಾನಿಕ ಬಾಬಾಸಾಹೇಬನ ಮಲಸಹೋದರ. ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅವನ ಮನೆಯ ಹೆಣ್ಣುಮಕ್ಕಳು ಮಲಪ್ರಭೆಯ ಪಾಲಾದರೆಂದು ನಮ್ಮ ಕಡೆ ಜನ ಇಂದಿಗೂ ಹೇಳುತ್ತಾರೆ.

ತೀರ್ಪನ್ನು ಮೊದಲೇ ಕಿಸೆಯಲ್ಲಿ ಇಟ್ಟುಕೊಂಡವನ ಮುಂದೆ ಎಂಥ ಕಾಗದವೂ ನಡೆಯುವುದಿಲ್ಲ. ಚೆನ್ನಮ್ಮನ ಸಂಕಟ ಅದು. ನಮ್ಮದು ಹಾಗಲ್ಲ. ನಮಗೆ ಕಾಯದೆಯಿದೆ, ಅದು ಕೇಳುವುದು ಎರಡು ಪ್ರಾಮಾಣಿಕ ಸಹಿಯನ್ನು. ಅದನ್ನೂ ನಾವು ಸಲೀಸೆಂದು ಬಗೆದು ಕೆಡಿಸಿಕೊಂಡರೆ ದೂರುವುದು ಯಾರನ್ನು?

ನಮ್ಮ ಸೀಮೆಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಸವದತ್ತಿ ತಾಲೂಕಿನ ಶಿರಸಂಗಿ ಕಾಳಮ್ಮನ ಗುಡಿಗೆ ಹೆಸರಾದ ಊರು. ಅಲ್ಲಿನ ಲಿಂಗರಾಜ ದೇಸಾಯರು 1861ರಲ್ಲಿ ಹುಟ್ಟಿದವರು, ಆ ಮನೆತನಕ್ಕೆ ದತ್ತಕ ಬಂದವರು. ಆಸ್ತಿಯ ವ್ಯಾಜ್ಯವೆಂದರೇನೆಂಬುದನ್ನು ಉಂಡು ಬಲ್ಲವರು. ಮಕ್ಕಳಿಲ್ಲದ ಅವರು 1906ರಲ್ಲಿ ತೀರಿಕೊಳ್ಳುವ ಮೊದಲು ಮೃತ್ಯುಪತ್ರ ಬರೆಸಿ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದ ಬಡ ಹುಡುಗರು ಎಷ್ಟೋ ಮಂದಿ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತು ನಿಂತಿದೆ. ಕಿತ್ತೂರಿನಲ್ಲಿ ಒಂದು ಕಾಗದ ನಿಲ್ಲದೆ ಕೋಟೆ ಬಿತ್ತು, ಶಿರಸಂಗಿಯಲ್ಲಿ ಒಂದು ಕಾಗದ ನಿಂತು ಶಾಲೆ ಕಾಲೇಜಿಗೆ ಆಸರೆಯಾಯಿತು. ಎರಡೂರಿನ ನಡುವೆ ಬಸ್ಸಿನ ದಾರಿ ಏನೂ ದೊಡ್ಡದಲ್ಲ.

ಈಗ ನಮ್ಮಂಥ ಹೆಣ್ಣುಮಕ್ಕಳು ಮಾಡಬೇಕಾದದ್ದೇನು? ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಗಟ್ಟಿಯಿದ್ದಾಗಲೇ ಬರೆಸಿರಿ. ಹಾಸಿಗೆ ಹಿಡಿದ ಮೇಲೆ ಬರೆಸಿದರೆ ಥ್ಯಾಕರೆಯ ಪ್ರಶ್ನೆ ತಪ್ಪಿದ್ದಲ್ಲ. ವಯಸ್ಸಾಗಿದ್ದರೆ ಮನಸ್ಸು ಸ್ವಸ್ಥವಾಗಿದೆ ಎಂದು ಡಾಕ್ಟರರ ಚೀಟಿಯೊಂದನ್ನು ಜೊತೆಗಿಡಿರಿ. ಮುದ್ದಿನ ಹೆಸರು ಬಿಟ್ಟು ದಾಖಲೆಯಲ್ಲಿರುವ ಪೂರ್ಣ ಹೆಸರು ಬರೆಯಿರಿ. “ನಮ್ಮ ಮನೆ” ಎಂದರೆ ಕೋರ್ಟಿಗೆ ತಿಳಿಯದು. ಮನೆಯ ನಂಬರು, ಹೊಲವಾದರೆ ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯಿರಿ. ಪ್ರತಿ ಪುಟಕ್ಕೂ ಸಹಿ ಹಾಕಿ ತಾರೀಖು ಬರೆಯಿರಿ. ಬರೆದಾದ ಮೇಲೆ ಸಾಲಿನ ನಡುವೆ ಏನನ್ನೂ ತುರುಕಬೇಡಿರಿ. ತಿದ್ದಬೇಕಾದರೆ ಮತ್ತೆ ಸಹಿ, ಮತ್ತೆ ಸಾಕ್ಷಿ ಬೇಕು. ಅದಕ್ಕಿಂತ ಹೊಸದನ್ನೇ ಬರೆಸುವುದು ಲೇಸು. ಜೀವವಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದೇ ನಡೆಯುತ್ತದೆ.

ಸಾಕ್ಷಿದಾರರು ನಿಮಗಿಂತ ಕಿರಿಯರಿರಲಿ. ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಬದುಕಿರಬೇಕಲ್ಲ! ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ, ಬರೆಸುವಾಗ ಮುಂದೆ ನಿಂತು ಓಡಾಡುವುದೂ ಬೇಡ. ಮೈಸೂರು ಸೀಮೆಯ ವಿಧವೆಯೊಬ್ಬಳ ಮೃತ್ಯುಪತ್ರದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಲಾಭ ಪಡೆಯುವ ಕಡೆಯವರೇ ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯಕ್ಕೆ ಎಡೆ, ಆ ಸಂಶಯ ಕಳೆಯುವ ಹೊಣೆ ಅವರದೇ ಎಂದು ಕೋರ್ಟು ಹೇಳಿತು. ಆ ಮೃತ್ಯುಪತ್ರ ನಿಲ್ಲಲಿಲ್ಲ. 1959ರ ವರದಿಗಳಲ್ಲಿ ಅಚ್ಚಾದ ಆ ತೀರ್ಪನ್ನು ವಕೀಲರು ಇಂದಿಗೂ ಮುಂದಿಡುತ್ತಾರೆ. ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರರು, ನಮ್ಮ ಗಜೇಂದ್ರಗಡವನ್ನು ಅಡ್ಡಹೆಸರಾಗಿ ಹೊತ್ತವರು.

ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಜಿಸ್ಟ್ರಾರ ಕಚೇರಿಯಲ್ಲಿ ಮಾಡಿಸಿದರೆ ಕಾಗದ ಕಳೆಯುವ, ಸುಡುವ, ಗೋದಿಯ ಡಬ್ಬಿಯಲ್ಲಿ ಹುಳ ಹಿಡಿಯುವ ಭಯವಿಲ್ಲ. ನೋಂದಣಿಯಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿರಿ, ತಕರಾರು ಬಂದರೆ ಸಾಕ್ಷಿದಾರ ಬಂದು ಹೇಳಲೇಬೇಕು. ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ನಮ್ಮ ಪಾಲನ್ನಷ್ಟೇ ಬರೆಯಬಹುದು, ಇಡೀ ಹೊಲ ಬರೆಯಲು ಬರುವುದಿಲ್ಲ.

ಇಷ್ಟೆಲ್ಲ ಓದಿ ನಾವೇ ಬರೆದುಕೊಳ್ಳೋಣ ಅನ್ನಿಸಿತೇ? ನನಗೂ ಹಾಗೇ ಅನ್ನಿಸಿತ್ತು! ವಕೀಲರಿಗೆ ಒಮ್ಮೆ ತೋರಿಸಿರಿ. ರೊಕ್ಕದ ಚಿಂತೆಯಿದ್ದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕೋರ್ಟುಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ಆ ಮೆಟ್ಟಿಲು ಹತ್ತಲು ನಾಚಬೇಡಿರಿ. ಕಟಕಟೆಯ ಮೆಟ್ಟಿಲು ಅದಕ್ಕಿಂತ ಎತ್ತರ.

ಹೋದ ವರ್ಷ ನಾನೂ ನನ್ನ ಮೃತ್ಯುಪತ್ರ ಬರೆಸಿದೆ. ವಕೀಲರ ಮೇಜಿನ ಎದುರು ಇಬ್ಬರು ಸಾಕ್ಷಿದಾರರು ಕುಳಿತಿದ್ದರು. ನಾನು ಸಹಿ ಹಾಕುವುದನ್ನು ಅವರು ನೋಡಿದರು, ಅವರು ಹಾಕುವುದನ್ನು ನಾನು ನೋಡಿದೆ. ಹತ್ತು ನಿಮಿಷದ ಕೆಲಸ. ಅಲ್ಲಿಂದ ನೇರವಾಗಿ ಆ ಹುಡುಗಿಯ ಮನೆಗೆ ಹೋದೆ. ಈಗ ಅವಳಿಗೆ ಎರಡು ಮಕ್ಕಳು. ಪೇಟೆಯ ಹತ್ತಿರ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅತ್ತೆಯ ಯಂತ್ರ ಬಾಗಿಲಿನ ಬೆಳಕಿಗೆ ಇತ್ತು.

“ನಿನ್ನ ಪೂರ್ಣ ಹೆಸರು ಹಾಕಿಸೇನವ್ವಾ” ಅಂದೆ.

ಅವಳು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಮೇಲೆ, “ಕೂಡ್ರಕ್ಕಾ, ಚಾ ಮಾಡ್ತೇನಿ” ಎಂದು ಒಳಗೆ ಹೋದಳು.